ಅರ್ಮಛೇದನ ಮತ್ತು ಮರುಬೆಳವಣಿಗೆ: ಸುಶ್ರುತನ ‘ಕಾಲುಭಾಗ’ದ ಅರ್ಥ

ಬಿಳಿಗುಡ್ಡೆಯನ್ನು ಹೊದ್ದ ಕಂಜಂಕ್ಟೈವಾ ಎಂಬ ತೆಳುಪೊರೆಯಿಂದ ಹುಟ್ಟಿ, ರೆಕ್ಕೆಯಂತೆ ಕರಿಗುಡ್ಡೆಯ ಮೇಲೆ ಹಬ್ಬುವ ಮಾಂಸಲ ಬೆಳವಣಿಗೆಯನ್ನು ನೇತ್ರವೈದ್ಯರು ಟೆರಿಜಿಯಂ ಎನ್ನುತ್ತಾರೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಬರುವ ಐದು ಬಗೆಯ ಅರ್ಮಗಳನ್ನು ಇದರೊಂದಿಗೆ ಸಮೀಕರಿಸುವುದು ರೂಢಿ. ಕತ್ತರಿಸಿದ ಜಾಗವನ್ನು ಬಯಲಾಗಿ ಬಿಟ್ಟರೆ ಟೆರಿಜಿಯಂ ಮರುಕಳಿಸುವುದು ಹೆಚ್ಚು, ರೋಗಿಯದೇ ಪೊರೆಯ ತುಣುಕನ್ನು ಅಲ್ಲಿ ಕಸಿ ಮಾಡಿದರೆ ಕಡಿಮೆ ಎಂಬುದು ಇಂದು ಸರ್ವಸಮ್ಮತ: 1985ರಲ್ಲಿ ಕೆನ್ಯನ್ ಮತ್ತು ಸಂಗಡಿಗರು ವರದಿ ಮಾಡಿದ 57 ಕಣ್ಣುಗಳ ಪೈಕಿ ಮೂರರಲ್ಲಿ ಮಾತ್ರ ಅದು ಮರಳಿತ್ತು.

ಮರುಕಳಿಕೆಯ ಕಾರಣವನ್ನು ಸುಶ್ರುತನೇ ಕಂಡುಕೊಂಡಿದ್ದನೆಂಬ ಮಾತು ಮಾತ್ರ ಪರಿಶೀಲನೆಯನ್ನು ಬೇಡುತ್ತದೆ. ಉತ್ತರತಂತ್ರದ 15ನೆಯ ಅಧ್ಯಾಯದ ಪ್ರಕಾರ ವೈದ್ಯನು ಸೈಂಧವ ಲವಣದ ಪುಡಿಯಿಂದ ಅರ್ಮವನ್ನು ಕೆರಳಿಸಿ, ಬಡಿಶವೆಂಬ ಕೊಕ್ಕೆಯಿಂದ ಎತ್ತಿ ಹಿಡಿದು, ಮಂಡಲಾಗ್ರವೆಂಬ ದುಂಡುತುದಿಯ ಶಸ್ತ್ರದಿಂದ ಬಿಡಿಸಿ, ಕನೀನಕ ಎಂದರೆ ಮೂಗಿನ ಕಡೆಯ ಕಣ್ಣಮೂಲೆಯತ್ತ ತಂದು, ಕಾಲುಭಾಗ ಉಳಿಸಿ ಕತ್ತರಿಸಬೇಕು. ಕನೀನಕಕ್ಕೆ ಪೆಟ್ಟಾದರೆ ರಕ್ತ ಹರಿಯುತ್ತದೆ, ನಾಡೀವ್ರಣವೂ, ಎಂದರೆ ನಾಳದಂತೆ ಆಳಕ್ಕಿಳಿಯುವ ಹುಣ್ಣೂ, ಆಗಬಹುದು. ಕಡಿಮೆ ಕತ್ತರಿಸಿದರೆ ಅರ್ಮ ಬೇಗ ಬೆಳೆಯುತ್ತದೆ. ಕಾಲುಭಾಗ ಉಳಿಸೆನ್ನುವ ಗ್ರಂಥವೇ ಉಳಿದದ್ದು ಬೆಳೆಯುತ್ತದೆಂದು ಎಚ್ಚರಿಸುವುದು ಮೇಲುನೋಟಕ್ಕೆ ವಿರೋಧಾಭಾಸ. ಆದರೆ ಎರಡು ಸೂಚನೆಗಳೂ ಕನೀನಕದ ಅಪಾಯವನ್ನು ನಡುವಿಟ್ಟುಕೊಂಡೇ ಬಂದಿರುವುದರಿಂದ, ಕಾಲುಭಾಗವು ಕಣ್ಣಮೂಲೆಯನ್ನು ಕಾಯುವ ಎಲ್ಲೆಯೇ ಹೊರತು ಕರಿಗುಡ್ಡೆಯ ಮೇಲೆ ಅರ್ಮವನ್ನು ಉಳಿಸಲು ಕೊಟ್ಟ ಅನುಮತಿಯಲ್ಲವೆಂದು ಓದುವುದು ಯುಕ್ತ. ಅರ್ಮಶೇಷವನ್ನು ಲೇಖನಾಂಜನದಿಂದ, ಎಂದರೆ ಕೆರೆದು ತೆಗೆಯುವ ಗುಣದ ಕಾಡಿಗೆಯಿಂದ, ನೀಗಿಸಬೇಕೆಂಬ ಮುಂದಿನ ವಿಧಿಯೂ ಇದಕ್ಕೆ ಒತ್ತಾಸೆಯಾಗಿದೆ.

ಹೀಗಾದರೆ ಸುಶ್ರುತನ ದೃಷ್ಟಿಯಲ್ಲಿ ಮರುಬೆಳವಣಿಗೆಯ ಮೂಲ ಉಳಿದ ಮಾಂಸ. ಇಂದಿನ ತಿಳಿವಳಿಕೆಯಾದರೋ, ಪೂರ್ತಿ ಕತ್ತರಿಸಿದ ಮೇಲೂ ಗಾಯದ ಉರಿಯೂತದಿಂದ ಕೆರಳಿದ ನಾರುಕೋಶಗಳು ಹೊಸ ಅಂಗಾಂಶ ಕಟ್ಟುತ್ತವೆ ಎನ್ನುತ್ತದೆ. ಆದ್ದರಿಂದ, ಅರ್ಮಗಳೆಲ್ಲವೂ ಟೆರಿಜಿಯಮ್ಮೇ ಆಗಿರಲಾರವೆಂಬ ಸಂದೇಹವನ್ನು ಬದಿಗಿಟ್ಟು ನೋಡಿದರೂ, ಅಪಾಯವನ್ನು ಗುರುತಿಸಿದ ಕೀರ್ತಿ ಸುಶ್ರುತನಿಗೆ ಸಲ್ಲುತ್ತದೆ, ಕಾರಣವನ್ನು ಅರಿತ ಕೀರ್ತಿ ಬಹುಶಃ ಸಲ್ಲದು.

ಎಷ್ಟು ಕತ್ತರಿಸಬೇಕೆಂಬ ಪ್ರಶ್ನೆ ಇಂದಿಗೂ ಜೀವಂತ. ಪೊರೆಯಡಿಯ ಟೆನಾನ್ ಪದರವನ್ನು ವಿಶಾಲವಾಗಿ ತೆಗೆದು ದೊಡ್ಡ ಕಸಿ ಹೊದಿಸುವ ಆಸ್ಟ್ರೇಲಿಯಾದ ಹರ್ಸ್ಟ್ 1000 ಶಸ್ತ್ರಕ್ರಿಯೆಗಳಲ್ಲಿ ಒಂದೇ ಮರುಕಳಿಕೆಯನ್ನು ವರದಿ ಮಾಡಿದ್ದಾರೆ. ಅಲ್ಲಿ ಎರಡು ಕ್ರಮಗಳೂ ಒಟ್ಟಿಗೇ ನಡೆದಿರುವುದರಿಂದ, ಈ ಫಲದಲ್ಲಿ ಛೇದನದ ಪಾಲೆಷ್ಟು, ಹೊದಿಕೆಯ ಪಾಲೆಷ್ಟು ಎಂಬುದನ್ನು ಆ ವರದಿಯಿಂದಲೇ ಬೇರ್ಪಡಿಸಲಾಗದು.