ಭಯವೂ ಭಯಾನಕವೂ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿ ನಾಟಕವನ್ನು ದೃಶ್ಯದಲ್ಲಿ ಸೇರಿಸಿದರು. ಕಣ್ಣಿಗೆ ಏನೂ ಕಾಣಿಸದ ನಾಟಕವೊಂದು ಹುಟ್ಟೀತೆಂದು ಅವರು ಎಣಿಸಿರಲಾರರು. ರೇಡಿಯೋ ಬಂದು ಆ ಗಡಿಯನ್ನು ಅಳಿಸಿತು. ಭಯಾನಕ ರಸಕ್ಕಂತೂ ಕತ್ತಲ ಕೋಣೆ, ಒಂದು ಕಂಠ, ಇಷ್ಟೇ ಸಾಕೆಂದು ತೋರಿಸಿತು.

ಅಮೆರಿಕದಲ್ಲಿ ಶರತ್ಕಾಲವೆಂದರೆ ಪ್ರೇತಕಥೆಗಳ ಕಾಲ. ಅಕ್ಟೋಬರ್ 31ರ ಸಂಜೆ 'ಹ್ಯಾಲೋವೀನ್'. ಮಕ್ಕಳು ಭೂತದ ವೇಷ ಹಾಕಿ ಮನೆಮನೆಗೆ ತಿರುಗುವರು. ಆ ದಿನಗಳಲ್ಲಿ ಹಳೆಯ ರೇಡಿಯೋ ನಾಟಕಗಳನ್ನು ಮತ್ತೆ ಕೇಳುವ ವಾಡಿಕೆ ಅಲ್ಲಿದೆ. ಅವುಗಳ ಪೈಕಿ ಅಗ್ರಪೂಜೆ ಸಲ್ಲುವುದು 1938ರ ಅಕ್ಟೋಬರ್ 30, ಭಾನುವಾರ ರಾತ್ರಿ ಸಿ.ಬಿ.ಎಸ್. ಜಾಲದಲ್ಲಿ ಪ್ರಸಾರವಾದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ನಾಟಕಕ್ಕೆ. ಮೂಲ ಕಾದಂಬರಿ ಎಚ್. ಜಿ. ವೆಲ್ಸರದು, 1898ರದು. ಆಡಿಸಿದವನು 23 ವರ್ಷದ ಆರ್ಸನ್ ವೆಲ್ಸ್. (ನಮ್ಮ ಲಿಪಿಯಲ್ಲಿ ಹೆಸರು ಒಂದೇ ಆದರೂ ಇಬ್ಬರಿಗೂ ನಂಟಿಲ್ಲ.)

ನಾಟಕದೊಳಗೆ ನೃತ್ಯಸಂಗೀತ ನಡೆಯುತ್ತಿರುತ್ತದೆ. ವಾರ್ತೆಯೊಂದು ಅದನ್ನು ತಡೆಯುತ್ತದೆ. ನ್ಯೂಜರ್ಸಿಯ ಗ್ರೋವರ್ಸ್ ಮಿಲ್ ಎಂಬಲ್ಲಿ ಮಂಗಳಗ್ರಹದ ಜೀವಿಗಳು ಇಳಿದಿವೆ! ವರದಿಗಾರನ ಪಾತ್ರ ವಹಿಸಿದ ಫ್ರ್ಯಾಂಕ್ ರೀಡಿಕ್, 1937ರ ಮೇ ತಿಂಗಳಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಉರಿದುಬಿದ್ದಾಗ ಮುದ್ರಿತವಾದ ವರದಿಯನ್ನು ಕೇಳಿ ಕೇಳಿ ಆ ತೊದಲು, ಆ ನಡುಕಗಳನ್ನು ಕಲಿತಿದ್ದನು. ಅವನು ಕಂಡದ್ದನ್ನು ಬಣ್ಣಿಸುತ್ತಿರುವಾಗಲೇ ಮಾತು ನಡುವೆ ಕಡಿದುಹೋಗುತ್ತದೆ. ಆಮೇಲೆ ಕೆಲವು ಕ್ಷಣ ಏನೂ ಇಲ್ಲ. ಇಡೀ ನಾಟಕದಲ್ಲಿ ಆ ಮೌನದಷ್ಟು ಭಯಂಕರವಾದ ಮಾತು ಇನ್ನೊಂದಿಲ್ಲ. ಉತ್ತರಾರ್ಧ, ನನ್ನ ಮಟ್ಟಿಗೆ, ಸಪ್ಪೆ.

ತಡವಾಗಿ ಕಿವಿಗೊಟ್ಟ ಕೆಲವರು ಇದನ್ನು ನಿಜವಾದ ವಾರ್ತೆಯೆಂದೇ ನಂಬಿ ಪೋಲೀಸರಿಗೆ ಫೋನು ಮಾಡಿದರು. ಮರುದಿನದ ಪತ್ರಿಕೆಗಳು ದೇಶವೇ ದಿಗ್ಭ್ರಮೆಗೊಂಡಿತೆಂದು ಬರೆದವು. ಅದು ಬಹುಮಟ್ಟಿಗೆ ಉತ್ಪ್ರೇಕ್ಷೆ ಎಂಬುದು ಈಚಿನ ವಿದ್ವಾಂಸರ ಮತ. ಆದರೆ 1949ರ ಫೆಬ್ರವರಿಯಲ್ಲಿ ಈಕ್ವೆಡಾರಿನ ಕೀಟೋ ನಗರದಲ್ಲಿ ನಡೆದದ್ದು ಉತ್ಪ್ರೇಕ್ಷೆಯಲ್ಲ. ಅಲ್ಲಿನ ನಿಲಯ ಇದೇ ಕಥೆಯನ್ನು ಸ್ಥಳೀಯ ಹೆಸರುಗಳನ್ನಿಟ್ಟು ಸ್ಪ್ಯಾನಿಷಿನಲ್ಲಿ ಆಡಿಸಿತು. ಜನ ಬೀದಿಗೆ ಓಡಿಬಂದರು. ನಾಟಕವೆಂದು ತಿಳಿದೊಡನೆ ರೋಷಗೊಂಡು ನಿಲಯದ ಕಟ್ಟಡಕ್ಕೆ ಬೆಂಕಿಯಿಟ್ಟರು. ಹಲವರು ಸತ್ತರು.

ಭಯವೆಂಬ ಸ್ಥಾಯಿಭಾವ ರಸವಾಗಬೇಕಾದರೆ ಸಹೃದಯನಿಗೆ ಇದು ನಾಟಕವೆಂಬ ಅರಿವು ಒಳಗೊಳಗೇ ಇರಬೇಕಷ್ಟೆ. ಕೀಟೋದ ಜನರಿಗೆ ದೊರೆತದ್ದು ಬರಿಯ ಭಯ. ಹುಲಿಯನ್ನು ಕಂಡವನ ಭಯ. ಅವರ ಅರಿವನ್ನು ಕಸಿದವರು ನಾಟಕವಾಡಿದವರೇ. ಭಯಾನಕದ ಆಸ್ವಾದವಾದರೋ, ಇಂದು ಆ 1938ರ ಧ್ವನಿಮುದ್ರಣವನ್ನು ಮತ್ತೆ ಕೇಳುವವರ ಪಾಲಿನದು.

ಕಳೆದ ಅಕ್ಟೋಬರಿನಲ್ಲಿ ದೀಪವಾರಿಸಿ ನಾನೂ ಕೇಳಿದೆ. ಕಥೆಯೆಲ್ಲ ಗೊತ್ತಿತ್ತು, ಮೌನ ಎಲ್ಲಿ ಬರುವುದೆಂಬುದೂ ಗೊತ್ತಿತ್ತು. ಅದು ಬಂದಾಗ, ಯಂತ್ರ ಕೆಟ್ಟಿತೇನೋ ಎಂದು ಕೈ ತಾನಾಗಿ ಗುಂಡಿಯ ಕಡೆಗೆ ಹೋಯಿತು.