ರಿಯಾಕ್ಟರ್‌ಗಿಂತ ಮೊದಲು ಶಾಲೆ

1/6
ಈ ಸಲದ ಇತಿಹಾಸ ಸರಣಿ ಕೈಗಾ ಬಗ್ಗೆ. ಆದ್ರ ರಿಯಾಕ್ಟರ್ ಬಗ್ಗೆ ಕಡಿಮೆ, ಅದನ್ನ ನಡೆಸೋ ಮಂದಿ ಬಗ್ಗೆ ಜಾಸ್ತಿ. ಅವರಿಗೆ ಯಾರು ಕಲಿಸಿದ್ರು, ಯಾವಾಗಿಂದ ಕಲಿಸ್ಕೋತ ಬಂದಾರ ಅನ್ನೋ ಕಥೆ.

"ಬಿಕಾಂ ಓದೋರಿಗೆ ಅಣುಶಕ್ತಿ ಯಾಕ ಬೇಕು?" ಅಂತ ಕಾಮೆಂಟ್ ಬರೋದು ಗ್ಯಾರಂಟಿ. ಯಾಕಂದ್ರ ಇದು ಲೆಕ್ಕದ ಪ್ರಶ್ನೆನೂ ಹೌದು. ಬ್ಯಾಲೆನ್ಸ್ ಶೀಟಿನಾಗ ಕಟ್ಟಡ ಆಸ್ತಿ, ಯಂತ್ರ ಆಸ್ತಿ. ಆ ಯಂತ್ರ ನಡೆಸಾಕ ವರ್ಷಗಟ್ಟಲೆ ಕಲಿತ ಮನುಷ್ಯ ಮಾತ್ರ ಆಸ್ತಿ ಕಡೆ ಕಾಣೋದಿಲ್ಲ. ಅವನ ತರಬೇತಿ ಖರ್ಚಿನ ಕಡೆ ಹೋಗತೈತಿ. ನಮ್ಮ ದೇಶದ ಅಣುಶಕ್ತಿ ಇತಿಹಾಸ ಓದಿದ್ರ ಈ ಲೆಕ್ಕ ಉಲ್ಟಾ ಐತಿ ಅನ್ನಿಸತೈತಿ.

ಮೊದಲು ನಮ್ಮ ಕಡೆ ಉದಾಹರಣೆ. ಮುಧೋಳ, ಜಮಖಂಡಿ ಸುತ್ತ ಸಕ್ಕರೆ ಕಾರ್ಖಾನೆ ನೋಡೀರಿ. ಅಲ್ಲಿ ಬಾಯ್ಲರ್ ನೋಡ್ಕೊಳ್ಳೋರಿಗೆ ಸರ್ಟಿಫಿಕೇಟ್ ಇರಬೇಕು ಅಂತ ಕಾನೂನೇ ಐತಿ. ಆದ್ರೂ ಬಗಾಸ್ ಹಾಕೋದು ನಿಲ್ಲಿಸಿದ್ರ ಸ್ವಲ್ಪ ಹೊತ್ತಿಗೆ ಬೆಂಕಿ ಆರತೈತಿ. ರಿಯಾಕ್ಟರ್ ಹಂಗಲ್ಲ. ಬಂದ್ ಮಾಡಿದ ಕ್ಷಣದಾಗೂ ಪೂರ್ಣ ಶಕ್ತಿಯ ಸುಮಾರು ಶೇ. 6ರಷ್ಟು ಶಾಖ ಇಂಧನದಿಂದ ಬರ್ತಾನೇ ಇರತೈತಿ. ಅದು ತಾಸುಗಟ್ಟಲೆ, ದಿನಗಟ್ಟಲೆ ನಿಧಾನಕ್ಕ ಇಳೀತೈತಿ. ಅಲ್ಲೀತನಕ ತಣ್ಣೀರು ಹರೀತಾನೇ ಇರಬೇಕು. ಆರಿಸಿದ ಮ್ಯಾಲೂ ಆರದ ಒಲಿ ಇದು. ಇಂಥ ಒಲಿ ಹಚ್ಚೋಕಿಂತ ಮೊದಲು ಅದನ್ನ ಕಾಯೋರು ತಯಾರಿರಬೇಕು.

2/6
ಕಥೆ ಶುರುವಾಗೋದು ಮುಂಬೈನಲ್ಲಿ ಅಲ್ಲ, ಬೆಂಗಳೂರಿನಲ್ಲಿ. 1939ರಲ್ಲಿ ಹೋಮಿ ಭಾಭಾ ಕೇಂಬ್ರಿಡ್ಜ್‌ನಿಂದ ರಜೆಗೆ ಅಂತ ಭಾರತಕ್ಕೆ ಬಂದಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ವಾಪಸ್ ಹೋಗೋದು ನಿಂತಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು.

1944ರ ಮಾರ್ಚ್‌ನಲ್ಲಿ ಭಾಭಾ ದೊರಾಬ್ಜಿ ಟಾಟಾ ಟ್ರಸ್ಟ್‌ಗೆ ಒಂದು ಪತ್ರ ಬರೆದರು. ಸಾರಾಂಶ ಇಷ್ಟು: ಮುಂದೆ ಕೆಲವು ದಶಕದಲ್ಲಿ ಅಣುವಿನಿಂದ ವಿದ್ಯುತ್ ಬರುವ ಕಾಲಕ್ಕೆ ಭಾರತ ತಜ್ಞರಿಗಾಗಿ ಹೊರದೇಶದ ಕಡೆ ನೋಡಬಾರದು, ಅವರು ಇಲ್ಲೇ ಸಿಗುವಂತಿರಬೇಕು. ಈಗ ಇಸವಿ ಮತ್ತೊಮ್ಮೆ ನೋಡ್ರಿ. ಹಿರೋಷಿಮಾ ಆಗಿದ್ದು 1945ರ ಆಗಸ್ಟ್‌ನಲ್ಲಿ. ನಮಗೆ ಸ್ವಾತಂತ್ರ್ಯ ಬಂದಿದ್ದು 1947ರಲ್ಲಿ. ಜಗತ್ತಿನಲ್ಲಿ ಒಂದೂ ಅಣು ವಿದ್ಯುತ್ ಸ್ಥಾವರ ಇರದ ಕಾಲದಲ್ಲಿ ಈ ಮನುಷ್ಯ ಕೇಳಿದ್ದು ಯಂತ್ರ ಅಲ್ಲ, ಮಂದಿ ತಯಾರು ಮಾಡೋ ಜಾಗ.

ಆ ಪತ್ರದಿಂದ ಹುಟ್ಟಿದ್ದೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಶುರುವಾಗಿ, ಅದೇ ವರ್ಷದ ಕೊನೆಗೆ ಮುಂಬೈಗೆ ಹೋಯಿತು. ಆಮೇಲೆ 1954ರಲ್ಲಿ ಟ್ರಾಂಬೆ ಸಂಶೋಧನಾ ಕೇಂದ್ರ. 1956ರ ಆಗಸ್ಟ್ 4ರಂದು ದೇಶದ ಮೊದಲ ರಿಯಾಕ್ಟರ್ 'ಅಪ್ಸರಾ' ಚಾಲೂ ಆಯಿತು. ಇಂಧನ ಬ್ರಿಟನ್‌ನಿಂದ ಬಂದಿತ್ತು, ಕಟ್ಟಿದ್ದು ನಮ್ಮವರೇ. ಅದರಲ್ಲಿ ಕೆಲಸ ಮಾಡಿದವರ ಪೈಕಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಯುವಿಸಿಇಯಲ್ಲಿ ಮೆಕ್ಯಾನಿಕಲ್ ಓದಿದ ಎಂ.ಆರ್. ಶ್ರೀನಿವಾಸನ್. ಈ ಹೆಸರು ನೆನಪಿಟ್ಕೊಳ್ರಿ, ಮತ್ತ ಬರತೈತಿ.

3/6
ಒಂದು ರಿಯಾಕ್ಟರ್‌ಗೆ ಕೈಬೆರಳೆಣಿಕೆಯ ಮಂದಿ ಸಾಕು. ದೇಶಕ್ಕ ಸಾಕಾಗೋದಿಲ್ಲ. ಆ ಕಾಲದ ಕಾಲೇಜುಗಳಲ್ಲಿ ಇಂಜಿನಿಯರ್‌ಗೆ ನ್ಯೂಟ್ರಾನ್ ಗೊತ್ತಿರಲಿಲ್ಲ, ಭೌತಶಾಸ್ತ್ರ ಓದಿದವರಿಗೆ ಪಂಪು, ವಾಲ್ವು ಗೊತ್ತಿರಲಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಿತ್ತು.

1957ರಲ್ಲಿ ಟ್ರಾಂಬೆಯ ತರಬೇತಿ ಶಾಲೆ ಶುರುವಾಯಿತು. ಅದನ್ನ ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಪಿಯಾನೋ ನುಡಿಸ್ತಿದ್ದ ವಿಜ್ಞಾನಿ ಅಂತ ಕ್ವಿಜ್‌ನಾಗ ಓದಿರ್ತೀರಿ. ಅವರ ಈ ಕೆಲಸ ಕ್ವಿಜ್‌ನಾಗ ಬರೋದಿಲ್ಲ.

ಶಾಲೆಯ ಪದ್ಧತಿ ಸರಳ, ಆದ್ರ ಕಠಿಣ. ದೇಶದ ಎಲ್ಲ ಕಡೆಯಿಂದ ಪದವೀಧರರನ್ನ ಆರಿಸೋದು. ಒಂದು ವರ್ಷ ಪೂರ್ತಿ ಪಾಠ, ಮ್ಯಾಲಿಂದ ಮ್ಯಾಲ ಪರೀಕ್ಷೆ. ಕಲಿಯುವಾಗಲೇ ಸ್ಟೈಪೆಂಡ್, ಪಾಸಾದರೆ ಅಲ್ಲೇ ಕೆಲಸ. ಪಾಠ ಹೇಳೋರು ಪ್ರಯೋಗಾಲಯದಲ್ಲಿ ದಿನಾ ಕೆಲಸ ಮಾಡೋ ವಿಜ್ಞಾನಿಗಳೇ. ಅಂದ್ರ ಪುಸ್ತಕದಾಗ ಬರೋಕಿಂತ ಮೊದಲೇ ವಿಷಯ ತರಗತಿಗೆ ಬರ್ತಿತ್ತು.

1966ರ ಜನವರಿಯಲ್ಲಿ ವಿಮಾನ ದುರಂತದಲ್ಲಿ ಭಾಭಾ ತೀರಿಕೊಂಡರು. ಮರುವರ್ಷ ಆ ಕೇಂದ್ರಕ್ಕೆ ಅವರ ಹೆಸರು ಇಟ್ಟರು. ಒಬ್ಬ ಮನುಷ್ಯನ ಮೇಲೆ ನಿಂತ ಕೆಲಸ ಆಗಿದ್ರ ಅಲ್ಲಿಗೇ ಮುಗೀತಿತ್ತು. ಆದ್ರ ಹೊತ್ತಿಗೆ ಶಾಲೆಯಿಂದ ವರ್ಷಾ ಒಂದು ಬ್ಯಾಚ್ ಹೊರಗ ಬರ್ತಿತ್ತು. 1960ರ ದಶಕದ ಹಂಗೇ ಒಂದು ಬ್ಯಾಚಿನಾಗ ಕಲಿತ ಅನಿಲ್ ಕಾಕೋಡ್ಕರ್ ಮುಂದ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು.

4/6
ಈ ತರಬೇತಿಯ ನಿಜವಾದ ಪರೀಕ್ಷೆ ಬಂದಿದ್ದು 1974ರಲ್ಲಿ.

ಅಲ್ಲೀತನಕ ನಮ್ಮ ದೊಡ್ಡ ಸ್ಥಾವರಗಳು ಹೊರಗಿನವರ ನೆರವಿನಿಂದ ಬಂದಿದ್ದವು. 1969ರಲ್ಲಿ ಶುರುವಾದ ತಾರಾಪುರ ಅಮೆರಿಕದ್ದು. ರಾಜಸ್ಥಾನದ ರಾವತ್‌ಭಾಟಾ ಸ್ಥಾವರ ಕೆನಡಾ ಜೊತೆ ಸೇರಿ ಕಟ್ಟಿದ್ದು. ನಮ್ಮ ಇಂಜಿನಿಯರ್‌ಗಳು ಆ ದೇಶಗಳಿಗೆ ಹೋಗಿ ಕಲಿತು ಬಂದರು. ರಾವತ್‌ಭಾಟಾದ ಮೊದಲ ಘಟಕ 1973ರಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡಲು ಶುರು ಮಾಡಿತು, ಎರಡನೆಯದು ಇನ್ನೂ ಅರ್ಧಕ್ಕಿತ್ತು.

1974ರ ಮೇ 18ರಂದು ಪೋಖ್ರಾನ್ ಪರೀಕ್ಷೆ ಆಯಿತು. ಕೆನಡಾ ನೆರವು ನಿಲ್ಲಿಸಿತು. ಬಿಡಿಭಾಗ ಇಲ್ಲ, ಸಲಹೆ ಇಲ್ಲ.

ಈಗ ಬಿಕಾಂ ಕಣ್ಣಿಂದ ನೋಡ್ರಿ. ಬರಬೇಕಿದ್ದ ಸಾಮಾನು ನಿಂತಿತು. ಒಪ್ಪಂದ ಬಿತ್ತು. ಉಳಿದಿದ್ದು ಯಾವುದು? ಯಾವ ಲೆಡ್ಜರ್‌ನಾಗೂ ಆಸ್ತಿ ಅಂತ ಬರೆಯದೇ ಇದ್ದ ಆ ಕಲಿತ ಮಂದಿ. ಅವರು ತಡವಾಗಿಯಾದರೂ ಎರಡನೇ ಘಟಕ ಮುಗಿಸಿದರು, 1981ರಲ್ಲಿ ಅದು ಶುರುವಾಯಿತು. ಮುಂದೆ 1983ರಲ್ಲಿ ಕಲ್ಪಾಕ್ಕಂ ಘಟಕವನ್ನ ನಮ್ಮವರೇ ಚಾಲೂ ಮಾಡಿದರು. ಈ ವಿದ್ಯುತ್ ಸ್ಥಾವರಗಳ ಕೆಲಸದಲ್ಲಿ ಮುಂದಾಳು ಆಗಿದ್ದವರು ಅದೇ ಎಂ.ಆರ್. ಶ್ರೀನಿವಾಸನ್. 1987ರಲ್ಲಿ ಎನ್‌ಪಿಸಿಐಎಲ್ ಕಂಪನಿ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು.

ಯಂತ್ರಕ್ಕ ನಿರ್ಬಂಧ ಹಾಕಬಹುದು. ತಲಿಯಾಗ ಕುಂತ ವಿದ್ಯೆಗೆ ಹಾಕಾಕ ಬರೋದಿಲ್ಲ.

5/6
ಈಗ ಕೈಗಾ. ನಮ್ಮ ಕಡೆಯಿಂದ ಹುಬ್ಬಳ್ಳಿ ಹಾಯ್ದು ಅಂಕೋಲಾ ತನಕ ಹೋಗೋ ಹೆದ್ದಾರಿ 52 ಹಿಡಿದ್ರ ಆ ಸೀಮೆ ಮುಟ್ಟತೀರಿ. ಕಾಳಿ ನದಿ ದಂಡಿ, ಸುತ್ತ ಕಾಡು. ಎಲ್ಲರಿಗೂ ಇದು ಒಪ್ಪಿಗೆ ಇರಲಿಲ್ಲ. ಶಿವರಾಮ ಕಾರಂತರು ಕೈಗಾ ವಿರೋಧಿಸಿ 1989ರ ಲೋಕಸಭೆ ಚುನಾವಣೆಗೇ ನಿಂತರು. ಮುಳುಗಡೆ ಅಂದ್ರ ಏನು, ಊರು ಬಿಡೋದು ಅಂದ್ರ ಏನು ಅಂತ ಬೀಳಗಿ ತಾಲೂಕಿನ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕ ಆ ವಿರೋಧವನ್ನ ಹಗುರಾಗಿ ತಗೋಬ್ಯಾಡ್ರಿ.

1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ಬಂದಿರಲಿಲ್ಲ ಅನ್ನೋದೊಂದೇ ಪುಣ್ಯ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು, 2000ದಲ್ಲಿ ಆ ಘಟಕ ಶುರುವಾಯಿತು. ಕಲಿಯಬೇಕಾದವರು ಕಂಟ್ರೋಲ್ ರೂಮಿನಾಗ ಕೂರೋರು ಅಷ್ಟೇ ಅಲ್ಲ, ನಕ್ಷೆ ಬರೆಯೋರು, ಕಾಂಕ್ರೀಟ್ ಹಾಕೋರು ಕೂಡ ಅನ್ನೋದು ಅವತ್ತಿನ ಪಾಠ.

ಕಂಟ್ರೋಲ್ ರೂಮಿನ ಪಾಠ ಬಂದಿದ್ದು ಅಮೆರಿಕದಿಂದ. 1979ರ ಮಾರ್ಚ್ 28, ತ್ರೀ ಮೈಲ್ ಐಲ್ಯಾಂಡ್. ಒಂದು ವಾಲ್ವ್ ತೆರೆದೇ ಉಳಿಯಿತು, ಫಲಕದ ದೀಪ ನೋಡಿದವರಿಗೆ ಮುಚ್ಚಿದೆ ಅನ್ನಿಸಿತು. ಆಪರೇಟರ್‌ಗಳು ನೀರು ಜಾಸ್ತಿ ಐತಿ ಅಂದ್ಕೊಂಡು ತುರ್ತು ನೀರನ್ನೇ ಕಡಿಮೆ ಮಾಡಿದರು. ಇಂಧನದ ದೊಡ್ಡ ಭಾಗ ಕರಗಿತು. ತರಬೇತಿಯೇ ಸಾಲದಾಗಿತ್ತು ಅಂತ ತನಿಖೆ ಹೇಳಿತು. ಆಮೇಲೆ ಸಿಮ್ಯುಲೇಟರ್, ಅಂದ್ರ ಹುಬೇಹೂಬ್ ಕಂಟ್ರೋಲ್ ರೂಮಿನಾಗ ಸುಳ್ಳು ಅಪಘಾತ ಸೃಷ್ಟಿಸಿ ಕಲಿಸೋದು, ಜಗತ್ತಿನಾಗೆಲ್ಲ ಬಲ ಪಡೀತು. ನಮ್ಮಲ್ಲಿ 1983ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಬಂತು. ಕಂಟ್ರೋಲ್ ರೂಮಿನ ಮುಖ್ಯ ಹುದ್ದೆಗಳಿಗೆ ಲೈಸೆನ್ಸ್ ಬೇಕೇ ಬೇಕು. ಅವಧಿ ಮುಗಿದ್ರ ಮತ್ತೆ ಅರ್ಹತೆ ತೋರಿಸಬೇಕು.

6/6
ಅಲ್ಲಿ ಏನು ಕಲಿಸ್ತಾರ? ಒಂದೇ ಉದಾಹರಣೆ. ಕೈಗಾ ತರಹದ ರಿಯಾಕ್ಟರ್ ಪೂರ್ಣ ಶಕ್ತಿಯಲ್ಲಿದ್ದಾಗ ಟ್ರಿಪ್ ಆದ್ರ, ಸುಮಾರು ಅರ್ಧ ತಾಸಿನೊಳಗ ಮತ್ತೆ ಚಾಲೂ ಮಾಡಬೇಕು. ಇಲ್ಲಾಂದ್ರ ಇಂಧನದಾಗ ಝೆನಾನ್ ಅನ್ನೋ ಅನಿಲ ಹೆಚ್ಚಾಗಿ ನ್ಯೂಟ್ರಾನ್‌ಗಳನ್ನ ನುಂಗಿ ಹಾಕತೈತಿ. ಹತ್ತಿರ ಹತ್ತಿರ ಒಂದೂವರೆ ದಿನ ಕಾಯಬೇಕು. 220 ಮೆಗಾವ್ಯಾಟ್ ಘಟಕ 36 ತಾಸು ನಿಂತ್ರ ಲೆಕ್ಕ ಹಾಕ್ರಿ: 79 ಲಕ್ಷ ಯುನಿಟ್ ಹೋಯ್ತು. ಗಡಿಯಾರ ಓಡ್ತೈತಿ, ಟ್ರಿಪ್ ಯಾಕಾಯ್ತು ಅಂತ ಇನ್ನೂ ಗೊತ್ತಿಲ್ಲ. ಆಗ "ಕಾರಣ ತಿಳಿಯೋತನಕ ಮುಟ್ಟೋದಿಲ್ಲ, ನಷ್ಟ ಆದ್ರೂ ಆಗ್ಲಿ" ಅನ್ನೋ ಧೈರ್ಯ ಬೇಕು. ಅರ್ಧ ತಾಸಿನ ಆ ಧೈರ್ಯಕ್ಕ ವರ್ಷಗಟ್ಟಲೆ ತರಬೇತಿ.

ತರಬೇತಿಗೂ ಮಿತಿ ಐತಿ. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯೋ ನೀರಿನ ಕೂಲರ್‌ಗೆ ಟ್ರಿಟಿಯಂ ಇರೋ ಭಾರಜಲ ಬೆರೆತು ಹಲವಾರು ನೌಕರರ ದೇಹ ಸೇರಿತು. ಒಳಗಿನವರೇ ಯಾರೋ ಮಾಡಿದ ಕಿಡಿಗೇಡಿತನ ಅಂತ ಅಧಿಕಾರಿಗಳು ಶಂಕಿಸಿದರು. ಬಯಲಾಗಿದ್ದು ಮಾತ್ರ ತಪ್ಪದೇ ನಡೆಯೋ ಮೂತ್ರ ಪರೀಕ್ಷೆಯಿಂದ. ಕೌಶಲ ಕಲಿಸಬಹುದು, ಮನಸಾಕ್ಷಿ ಕಲಿಸೋದು ಕಷ್ಟ. ಅದಕ್ಕೇ ದಿನಾ ಮಾಡೋ ಸಣ್ಣ ತಪಾಸಣೆ ಬಿಡಬಾರದು.

ಇನ್ನೊಂದು ದಿನಾಂಕ. ಗುಮ್ಮಟ ಬಿದ್ದ ಅದೇ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ, 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವ ದಾಖಲೆ. ಗುಮ್ಮಟ ಬಿದ್ದ ದಿನಕ್ಕ ಸರಿಯಾಗಿ 22 ವರ್ಷಕ್ಕ ಶುರುವಾದ ಓಟ! 2020ರಲ್ಲಿ ಆ ದಾಖಲೆ ಮುರಿದಿದ್ದು ಕೆನಡಾದ ಡಾರ್ಲಿಂಗ್ಟನ್ ಸ್ಥಾವರ. ಒಂದು ಕಾಲಕ್ಕ ನಮಗ ಕಲಿಸಿದವರ ಜೊತಿಗೇ ಪೈಪೋಟಿ.

2025ರಲ್ಲಿ ದೇಶದ ಅಣು ವಿದ್ಯುತ್ ಸಾಮರ್ಥ್ಯ ಸುಮಾರು 8,800 ಮೆಗಾವ್ಯಾಟ್. 2047ಕ್ಕೆ ಸರ್ಕಾರದ ಗುರಿ 1 ಲಕ್ಷ ಮೆಗಾವ್ಯಾಟ್. ಕೈಗಾದಲ್ಲೇ 700 ಮೆಗಾವ್ಯಾಟಿನ ಇನ್ನೆರಡು ಘಟಕ ಬರಬೇಕು. ಎಂ.ಆರ್. ಶ್ರೀನಿವಾಸನ್ 2025ರ ಮೇ 20ರಂದು ತೀರಿಕೊಂಡರು. ಮೊದಲ ತಲೆಮಾರು ಮುಗೀತು. ದುಡ್ಡು ಕೊಟ್ರ ಸಿಮೆಂಟು, ಸ್ಟೀಲು ಬರತೈತಿ. ಹತ್ತು ವರ್ಷದ ಅನುಭವ ಬೇಕಂದ್ರ ಹತ್ತು ವರ್ಷ ಮೊದಲೇ ಶುರು ಮಾಡಿರಬೇಕು. ಗುರಿ ಬೇಕೋ ಬ್ಯಾಡೋ ಅನ್ನೋ ಚರ್ಚೆ ಇರ್ಲಿ. ಶಾಲೆ ಬಿಟ್ಟು ಬರೀ ರಿಯಾಕ್ಟರ್ ಕಟ್ಟಿದ್ರ ಅದರ ಬೆಲೆ ಕಾಳಿ ದಂಡಿಯ ಮಂದಿ ಕೊಡಬೇಕಾಗತೈತಿ.

ಕೊನೆಗೆ ಕೆಲಸದ ಮಾತು. ಐಟಿಐ, ಪಿಯು ಸೈನ್ಸ್, ಡಿಪ್ಲೊಮಾ, ಬಿಎಸ್ಸಿ ಓದಿದವರಿಗೆ ಎನ್‌ಪಿಸಿಐಎಲ್‌ನಾಗ ಸ್ಟೈಪೆಂಡಿಯರಿ ಟ್ರೇನಿ ಅಂತ ಕರೀತಾರ, ಕಲಿಯುವಾಗಲೇ ಸ್ಟೈಪೆಂಡ್. ನಮ್ಮಂಥ ಪದವೀಧರರಿಗೆ ಹಣಕಾಸು, ಎಚ್‌ಆರ್, ಸಾಮಗ್ರಿ ವಿಭಾಗದಾಗ ಅಸಿಸ್ಟಂಟ್ ಹುದ್ದೆ ಇರ್ತಾವ. ಜಾಹೀರಾತು ಬಂದಾಗ ವಯಸ್ಸು, ಅಂಕ ನೋಡ್ಕೊಂಡು ಅರ್ಜಿ ಹಾಕ್ರಿ. ಐಟಿಐ ಓದೋ ನಿಮ್ಮ ತಮ್ಮ, ತಂಗಿಗೆ ಈ ಪೋಸ್ಟ್ ಕಳಿಸ್ರಿ. ಬೀಳಗಿ, ಜಮಖಂಡಿ, ಮುಧೋಳದ ಹೆಸರೂ ಆ ಲೈಸೆನ್ಸ್ ಪಟ್ಟಿಯಾಗ ಬರ್ಲಿ.

#ಇತಿಹಾಸಸರಣಿ #ಕೈಗಾ #ರಾಜಾರಾಮಣ್ಣ #ಅನಗವಾಡಿ #ಬೀಳಗಿ #ಬಿಕಾಂಮಂದಿ