ಹಿತ್ತಿಲ ಕಚೇರಿಗೆ ವೈಫೈ

ಮನೆಯ ರೂಟರ್‌ನಿಂದ ಸಿಗುವ ನಿಸ್ತಂತು ಅಂತರಜಾಲವನ್ನು ಅದೇ ಆವರಣದಲ್ಲಿ ಬೇರೆಯಾಗಿ ನಿಂತ ಕೆಲಸದ ಕೋಣೆಗೆ ಮುಟ್ಟಿಸುವ ವ್ಯವಸ್ಥೆ. ಬ್ರಿಟನ್ನಿನಲ್ಲಿ ಇಂಥ ಕೋಣೆಯನ್ನು ‘ಗಾರ್ಡನ್ ಆಫೀಸ್’ ಎನ್ನುತ್ತಾರೆ. 2020ರ ಲಾಕ್‌ಡೌನ್ ಇದಕ್ಕೆ ಬೇಡಿಕೆ ತಂದಿತಾದರೂ ಚಾಳಿ ಹಳೆಯದು. ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ಅವರು ಹರ್ಟ್‌ಫರ್ಡ್‌ಶೈರ್‌ನ ಅಯಟ್ ಸೇಂಟ್ ಲಾರೆನ್ಸ್ ಹಳ್ಳಿಯ ತಮ್ಮ ಮನೆಯ ತೋಟದಲ್ಲಿ ಮರದ ಗೂಡೊಂದನ್ನು ಇಟ್ಟುಕೊಂಡಿದ್ದರು. ಬಿಸಿಲು ಬಿದ್ದತ್ತ ಇಡೀ ಗೂಡನ್ನೇ ತಿರುಗಿಸಿಕೊಳ್ಳಬಹುದಿತ್ತು. ಅದರ ಹೆಸರು ‘ಲಂಡನ್’. ಬೇಡದ ಅತಿಥಿ ಬಂದರೆ ‘ಅವರು ಲಂಡನ್ನಿನಲ್ಲಿದ್ದಾರೆ’ ಎಂದುಬಿಡಬಹುದು, ಸುಳ್ಳೂ ಅಲ್ಲ. ಆ ಗೂಡಿನಲ್ಲೂ ಮನೆಯೊಡನೆ ಮಾತಾಡಲು ಟೆಲಿಫೋನ್ ಇತ್ತು.

ಶಾ ಅವರದು ತಂತಿ; ಈಗಿನವರದು ಅಲೆ. ತೊಡಕು ಶುರುವಾಗುವುದೇ ಅಲ್ಲಿ.

ಮನೆಯ ವೈಫೈ ಹೆಚ್ಚಾಗಿ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಿಗ್ನಲ್ಲಿನ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಇಪ್ಪತ್ತು-ಮೂವತ್ತು ಮೀಟರಿನ ಹಿತ್ತಿಲಲ್ಲಿ ದೂರಕ್ಕಿಂತ ಗೋಡೆಯದೇ ಹೆಚ್ಚಿನ ಕಾಟ. ಚಳಿ ತಡೆಯಲೆಂದು ಬ್ರಿಟನ್ನಿನ ಗಾರ್ಡನ್ ಆಫೀಸಿನ ಗೋಡೆಯೊಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಫೋಮ್ ಹಲಗೆಗಳನ್ನು ಕೂರಿಸುತ್ತಾರೆ. ಕಿಟಕಿ ಗಾಜಿಗೂ ಎಷ್ಟೋ ಸಲ ಲೋಹದ ತೆಳು ಲೇಪವಿರುತ್ತದೆ. ಲೋಹಕ್ಕೆ ಬಡಿದ ಅಲೆ ಹಿಂದಕ್ಕೆ ಪುಟಿಯುತ್ತದೆ. ಹಾಗಾಗಿ ಬಾಗಿಲು ತೆರೆದಾಗ ಸಿಕ್ಕ ಸಿಗ್ನಲ್ ಮುಚ್ಚಿದೊಡನೆ ಕುಸಿಯುವುದುಂಟು. ಮಲೆನಾಡಿನ ತೋಟದ ಮನೆಗಳಲ್ಲಿ ಇದೇ ಪಾತ್ರವನ್ನು ತಗಡಿನ ಶೀಟು ವಹಿಸುತ್ತದೆ, ಜಂಬಿಟ್ಟಿಗೆಯ ದಪ್ಪ ಗೋಡೆ ಅದರ ಜೊತೆಗೂಡುತ್ತದೆ. ನಡುವೆ ಮರಗಿಡಗಳಿದ್ದರೆ ಎಲೆಯೊಳಗಿನ ನೀರು ಅಲೆಯನ್ನು ಹೀರುತ್ತದೆ. ಮಳೆಗೆ ತೊಯ್ದ ಎಲೆ ಇನ್ನಷ್ಟು.

ಆಗ ಅನೇಕರು ಮೊದಲು ಮಾಡುವುದು ಆರು ಆಂಟೆನಾದ ದುಬಾರಿ ರೂಟರ್ ಕೊಳ್ಳುವುದು. ಫಲ ಕಡಿಮೆ. ರೂಟರ್ ಎಷ್ಟು ಗಟ್ಟಿಯಾಗಿ ಕೂಗಿದರೂ ಲ್ಯಾಪ್‌ಟಾಪಿನ ಮೆಲುದನಿ ಅದಕ್ಕೆ ಕೇಳಬೇಕಲ್ಲ! ಸಾಲದ್ದಕ್ಕೆ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದೆಂಬುದಕ್ಕೆ ಬಹುತೇಕ ದೇಶಗಳಲ್ಲಿ ಕಾನೂನಿನ ಮಿತಿಯಿದೆ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಅಗ್ಗ. ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ಅದು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದನ್ನು ಸಿಗ್ನಲ್ ಸಿಗದ ಮೂಲೆಯಲ್ಲೇ ಇಡುವುದು ಸಾಮಾನ್ಯ ತಪ್ಪು: ತನಗೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಏನೆಂದು ಹೇಳೀತು? ಹಿತ್ತಿಲತ್ತ ತೆರೆದ ಕಿಟಕಿಯ ಪಕ್ಕ ಇಟ್ಟರೆ ಒಂದಿಷ್ಟು ಕೆಲಸವಾಗುತ್ತದೆ. ಹಲವು ಪೆಟ್ಟಿಗೆಗಳು ಕೂಡಿ ಒಂದೇ ಜಾಲವಾಗುವ ಮೆಶ್ ವ್ಯವಸ್ಥೆ ಇದಕ್ಕಿಂತ ಜಾಣ. ಆದರೆ ಅದರ ಪೆಟ್ಟಿಗೆಗಳೂ ಗೋಡೆ ದಾಟಿಯೇ ಮಾತಾಡಬೇಕು. ವಿದ್ಯುತ್ ತಂತಿಯಲ್ಲೇ ಡೇಟಾ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಒಂದು ಮನೆಯಲ್ಲಿ ಚೆನ್ನಾಗಿ ನಡೆದು ಪಕ್ಕದ ಮನೆಯಲ್ಲಿ ಮುಗ್ಗರಿಸಬಹುದು. ಕೋಣೆಗೆ ಪ್ರತ್ಯೇಕ ಫೇಸ್‌ನಿಂದ ಕರೆಂಟು ಹೋಗಿದ್ದರೆ ಆಸೆ ಬಿಡುವುದೇ ವಾಸಿ.

ಕೇಬಲ್ ಹೂಳಲು ನೆಲ ಅಗೆಯಲಾಗದ ಕಡೆ ಎರಡು ಕಟ್ಟಡಗಳ ಹೊರಗೋಡೆಗೆ ಎದುರುಬದುರಾಗಿ ಒಂದೇ ದಿಕ್ಕಿಗೆ ಅಲೆ ಕಳಿಸುವ ಆಂಟೆನಾ ಕೂರಿಸಿ ‘ಬ್ರಿಡ್ಜ್’ ಕಟ್ಟಬಹುದು. ಒಂದಕ್ಕೊಂದು ಕಾಣಿಸಿದರಷ್ಟೇ ಸಾಲದು. 5 ಗಿಗಾಹರ್ಟ್ಸ್‌ನಲ್ಲಿ 50 ಮೀಟರ್ ಅಂತರವಿದ್ದರೆ ನಟ್ಟನಡುವೆ ದೃಷ್ಟಿರೇಖೆಯ ಸುತ್ತ ಸುಮಾರು 80 ಸೆಂಟಿಮೀಟರ್ ಜಾಗ ಆದಷ್ಟು ಖಾಲಿಯಿರಬೇಕು. ಬೇಸಿಗೆಯಲ್ಲಿ ಸರಿಯಿದ್ದ ಬ್ರಿಡ್ಜ್ ಗಿಡ ಚಿಗುರಿದ ಮೇಲೆ ತಡವರಿಸುವುದು ಇದರಿಂದಲೇ. ಭಾರತದಲ್ಲಿ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್‌ನಷ್ಟು ತರಂಗಪಟ್ಟಿಯನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿ, ಹೊರಾಂಗಣ ಬಳಕೆಗೂ ಅವಕಾಶ ಕೊಡಲಾಯಿತು.

ಇಷ್ಟೆಲ್ಲ ಇದ್ದರೂ ಕೆಲಸ ಬಲ್ಲವರು ಕೊನೆಗೆ ಕೈ ತೋರಿಸುವುದು ಕೇಬಲ್ಲಿನತ್ತ. ಈಥರ್ನೆಟ್ ತಾಮ್ರದ ತಂತಿ 100 ಮೀಟರ್ ತನಕ ಗಿಗಾಬಿಟ್ ವೇಗ ಒಯ್ಯುತ್ತದೆ. ಅದರ ಆ ತುದಿಗೆ, ಕೋಣೆಯ ಒಳಗೇ, ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವ ಒಂದು ಆಕ್ಸೆಸ್ ಪಾಯಿಂಟ್ ಇಟ್ಟರೆ ಅಲೆಯನ್ನು ತಡೆಯುತ್ತಿದ್ದ ಅದೇ ಗೋಡೆ ಅದನ್ನು ಒಳಗೆ ಹಿಡಿದಿಡುತ್ತದೆ. ಮೂಲೆಗೆ ಬಿದ್ದ ಹಳೆಯ ರೂಟರೂ ಇದಕ್ಕೆ ಆದೀತು, ಆದರೆ ‘ಆಕ್ಸೆಸ್ ಪಾಯಿಂಟ್ ಮೋಡ್’ಗೆ ಬದಲಾಯಿಸಬೇಕು. ಮರೆತರೆ ಹಿತ್ತಿಲಲ್ಲಿ ಇನ್ನೊಂದು ಪ್ರತ್ಯೇಕ ಜಾಲವೇ ಹುಟ್ಟಿಕೊಳ್ಳುತ್ತದೆ: ಇಂಟರ್ನೆಟ್ ಬರುತ್ತದೆ, ಮನೆಯೊಳಗಿನ ಪ್ರಿಂಟರ್ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ತಾಮ್ರಕ್ಕೆ ಸಿಡಿಲಿನ ಭಯವಿದೆ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಎರಡು ಕಟ್ಟಡಗಳ ಅರ್ಥಿಂಗ್ ನಡುವಿನ ವೋಲ್ಟೇಜ್ ವ್ಯತ್ಯಾಸ ತಂತಿಗುಂಟ ಹರಿದು ಎರಡೂ ತುದಿಯ ಉಪಕರಣ ಸುಡಬಹುದು. ಮುಂಗಾರಿಗೆ ಮುಂಚಿನ ಗುಡುಗು-ಮಿಂಚು ಕಂಡ ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಹವಿಲ್ಲದ ಫೈಬರ್ ಕೇಬಲ್ ಎಳೆದು ಎರಡೂ ಕಡೆ ಫೈಬರನ್ನು ಈಥರ್ನೆಟ್‌ಗೆ ಬೆಸೆಯುವ ಮೀಡಿಯಾ ಕನ್ವರ್ಟರ್ ಹಾಕಿದರೆ ಆ ಹಾದಿಯೇ ಕಡಿಯುತ್ತದೆ. ಕೇಬಲ್ ಯಾವುದೇ ಇರಲಿ, ಪೈಪಿನೊಳಗೆ ಹೋಗಬೇಕು, ಇಲ್ಲವಾದರೆ ಗುದ್ದಲಿಗೋ ಹೆಗ್ಗಣಕ್ಕೋ ಆಹುತಿ. ಅನುಭವಸ್ಥ ಕೆಲಸಗಾರರು ಮಣ್ಣು ಮುಚ್ಚುವ ಮುನ್ನ ಪೈಪಿನಲ್ಲಿ ಒಂದು ನೈಲಾನ್ ದಾರವನ್ನೂ ಬಿಟ್ಟಿರುತ್ತಾರೆ, ಮುಂದಿನ ಕೇಬಲ್ ಎಳೆಯಲು.